ಕನಕಾಂಬರ ಬಣ್ಣದ ಛತ್ರಿ

ಮೂರನೆಯ ಸಲ ನನ್ನ ಅರ್ಜಿ ತಿರಸ್ಕಾರವಾದ ದಿನ ಧರಣೇಂದ್ರಯ್ಯನವರು ನಮ್ಮ ಮನೆಯ ಫ್ರಿಜ್ಜನ್ನು ಬಹಳ ಹೊಗಳಿದರು. ಅವರು ಬ್ಯಾಂಕಿನಲ್ಲಿ ಕಾರ್ಡು, ಸಾಲಗಳನ್ನು ನೋಡಿಕೊಳ್ಳುವ ಅಧಿಕಾರಿ. ನಮ್ಮ ಊರಿನಲ್ಲಿ ಕ್ರೆಡಿಟ್ ಕಾರ್ಡು ಕೇಳಿದವರ ಮನೆಯನ್ನು ಬ್ಯಾಂಕಿನವರು ಬಂದು ನೋಡುತ್ತಾರೆ, ಹೆಣ್ಣು ನೋಡಲು ಬಂದ ಹಾಗೆ. ಉಪ್ಪಿಟ್ಟು ಮಾಡಿದ್ದೆ. ಅವರು ಕಾಫಿ ಮಾತ್ರ ಕುಡಿದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಡುಮನೆಯನ್ನು ನಿಧಾನವಾಗಿ ನೋಡಿದರು. ಕೆಂಪು ಫ್ರಿಜ್ಜು, ನೀಲಿ ಕುರ್ಚಿಗಳು, ಅರಿಸಿನ ಬಣ್ಣದ ಪರದೆ, ಕರೀ ಮೈಯ ಮೇಲೆ ಚಿನ್ನದ ಬಳ್ಳಿ ಬಿಡಿಸಿದ ಹೊಲಿಗೆ ಮಷೀನು.

"ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ ಫ್ರಿಜ್ಜು. ಮನೇಲಿ ಒಂದೂ ಬೂದಿ ಇಲ್ವಲ್ಲ," ಎಂದರು.

"ಒಂದೂ ಇಲ್ಲ ಸಾರ್," ಎಂದೆ, ಹೆಮ್ಮೆಯಿಂದಲೇ.

"ಅದೇ ನೋಡಿ ತೊಂದರೆ," ಎಂದರು.

ನಮ್ಮ ಊರಿನಲ್ಲಿ ಸಾಲದ ಮೇಲೆ ಕೊಂಡ ಸಾಮಾನು ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಬಣ್ಣ ಕಳೆದುಕೊಳ್ಳುತ್ತದೆ. ಸೀರೆಯಾಗಲಿ, ಸ್ಕೂಟರಾಗಲಿ, ಒಲೆಯ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಕೊನೆಯ ಕಂತು ಕಟ್ಟಿದಾಗ ಆ ಸಾಮಾನು ಎಲ್ಲಿದ್ದರೆ ಅಲ್ಲಿ ಬಣ್ಣ ಏರುತ್ತದೆ. ಮೇಲೆ ಪೇಂಟು ಬಳಿದರೆ ಒಣಗುವ ಮೊದಲೇ ಉದುರಿಹೋಗುತ್ತದೆ. ಮದುವೆಯ ಸೀರೆಗೆ ಮೊದಲ ಮಗುವಿನ ನಾಮಕರಣದ ಹೊತ್ತಿಗೆ ಬಣ್ಣ ಏರಿದರೆ ಒಳ್ಳೆಯ ಸಂಬಂಧ ಎನ್ನುತ್ತಾರೆ. ದಿನಸಿ ಅಂಗಡಿಯ ಉದ್ದರಿ ತಿಂಗಳಿಗೊಮ್ಮೆ ತೀರುವುದರಿಂದ ಕೊನೆಯ ವಾರ ಅನೇಕರ ಮನೆಯಲ್ಲಿ ಟೊಮೆಟೊ ಸಾರು ಬೂದಿಯಾಗಿರುತ್ತದೆ. ರುಚಿಯಲ್ಲಿ ವ್ಯತ್ಯಾಸವಿಲ್ಲ. ತಿಂದು ಮುಗಿಸಿದ ಟೊಮೆಟೊಗೆ ದುಡ್ಡು ಕೊಟ್ಟಾಗ ಬಣ್ಣ ಎಲ್ಲಿ ಏರುತ್ತದೆ ಎಂದು ಯಾರೂ ಕೇಳುವುದಿಲ್ಲ.

ನನ್ನ ಕಸುಬು ಗವಸು ಹೊಲಿಯುವುದು. ಬೂದಿ ಸಾಮಾನನ್ನು ನೆಂಟರ ಕಣ್ಣಿಗೆ ಬೀಳದಂತೆ ಮುಚ್ಚಲು ಪ್ರತಿಯೊಬ್ಬರಿಗೂ ಗವಸು ಬೇಕು. ಫ್ರಿಜ್ಜಿಗೆ, ಟಿವಿಗೆ, ಮಂಚಕ್ಕೆ, ಗಾಡಿಗೆ. ಯಾರ ಮನೆಯಲ್ಲಿ ಯಾವುದು ಬೂದಿ ಎನ್ನುವುದು ನನ್ನ ಟೇಪಿಗೆ ಗೊತ್ತು. ಅದನ್ನು ನಾನು ಯಾರ ಹತ್ತಿರವೂ ಆಡಿದವಳಲ್ಲ. ಹಾಗೆಂದೇ ಜನ ನನ್ನಲ್ಲಿಗೆ ಬರುತ್ತಿದ್ದರು. ಈಚೆಗೆ ಹೊರಗಿನಿಂದ ರೆಡಿಮೇಡ್ ಗವಸುಗಳು ಬಂದು ಕೆಲಸ ಅರ್ಧಕ್ಕೆ ಇಳಿದಿತ್ತು. ಆಗ ಹೈಸ್ಕೂಲಿನ ಹೆಡ್‌ಮೇಡಂ ಕರೆಸಿ, ದಸರಾ ರಜೆ ಮುಗಿದ ಮೇಲೆ ಮಕ್ಕಳಿಗೆ ಹೊಸ ಯೂನಿಫಾರ್ಮು ಬರುತ್ತದೆ, ಹೊಲಿಗೆ ನೀವು ವಹಿಸಿಕೊಳ್ಳುತ್ತೀರಾ ಎಂದು ಕೇಳಿದರು. ಒಂದೇ ಷರತ್ತು, ಬಟ್ಟೆಯ ಅಂಚೆಲ್ಲ ಓವರ್‌ಲಾಕ್ ಆಗಿರಬೇಕು, ನೂಲು ಬಿಡಬಾರದು.

ಓವರ್‌ಲಾಕ್ ಮಷೀನು ನನ್ನಲ್ಲಿರಲಿಲ್ಲ. ಅದನ್ನು ಮಾರುವ ಕಂಪನಿ ಹೊರಗಿನದು, ಕಂತಿನ ಮೇಲೆ ಕೊಡುವುದು ಕ್ರೆಡಿಟ್ ಕಾರ್ಡು ಇದ್ದವರಿಗೆ ಮಾತ್ರ. ಬ್ಯಾಂಕಿನಲ್ಲಿ ಠೇವಣಿ ಕಾರ್ಡು ಎಂದು ಇನ್ನೊಂದಿದೆ, ಎಷ್ಟು ಹಣ ಇಟ್ಟಿರುತ್ತೇವೋ ಅಷ್ಟಕ್ಕೇ ನಡೆಯುತ್ತದೆ. ಮಷೀನಿನಷ್ಟು ಹಣ ಇಡಲು ಇದ್ದಿದ್ದರೆ ನಾನು ಮಷೀನನ್ನೇ ತರುತ್ತಿದ್ದೆ. ಬೇಕಾಗಿದ್ದದ್ದು ಸಾದಾ ಕಾರ್ಡು, ಬರೀ ನಂಬಿಕೆಯ ಮೇಲೆ ಕೊಡುವಂಥದ್ದು. ಯೂನಿಫಾರ್ಮು ಕೈತಪ್ಪಿದರೆ ನನ್ನ ಜೊತೆ ಹೊಲಿಯುವ ರಜಿಯಾಳನ್ನು ಬಿಡಿಸಬೇಕಾಗುತ್ತಿತ್ತು. ಆಮೇಲೆ ನಾನೇ ಇನ್ನೊಬ್ಬರ ಹತ್ತಿರ ಹೊಲಿಯಲು ಹೋಗಬೇಕಾಗುತ್ತಿತ್ತು.

ಮೊದಲ ಸಲ ಅರ್ಜಿ ಬಿದ್ದುಹೋದದ್ದು ಆ ಫ್ರಿಜ್ಜಿನಿಂದಲೇ. ಅದಕ್ಕೆ ಕಟ್ಟಿದ್ದೆಲ್ಲ ನನ್ನ ಹೊಲಿಗೆಯ ದುಡ್ಡು. ಕೊಂಡ ಹೆಸರು ಮಾತ್ರ ನನ್ನ ಗಂಡ ಮರಿಸ್ವಾಮಿಯವರದು. ಅವರು ತೀರಿಕೊಂಡ ಮೇಲೆ ಹೆಸರು ಅವರ ಜೊತೆ ಹೋಯಿತು, ಬಣ್ಣ ನನ್ನ ಹತ್ತಿರ ಉಳಿಯಿತು. ಬಣ್ಣವನ್ನು ಬ್ಯಾಂಕು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ನನ್ನ ಹೆಸರಿನಲ್ಲೇ ಕುರ್ಚಿಗಳನ್ನು ಸಾಲಕ್ಕೆ ತಂದೆ. ನಡುಮನೆಯಲ್ಲಿ ನಾಲ್ಕು ಬೂದಿ ಕುರ್ಚಿಗಳನ್ನು ನೋಡಿಕೊಂಡು ಇರಲಾಗದೆ ಮಾರನೆಯ ಬೆಳಿಗ್ಗೆಯೇ ಹೋಗಿ ಪೂರ್ತಿ ತೀರಿಸಿಬಿಟ್ಟೆ. ಬೂದಿಯನ್ನೂ ಯಾರೂ ನೋಡಲಿಲ್ಲ, ಬಣ್ಣ ಏರಿದ್ದನ್ನೂ ಯಾರೂ ನೋಡಲಿಲ್ಲ. ಮೂರನೆಯ ಸಲ ಹೊಸದೇನನ್ನೂ ತರದೆ, ಮನೆಯನ್ನು ಗುಡಿಸಿ ಒರೆಸಿ ಕಾದೆ. ಅವತ್ತೇ ಅವರು ಫ್ರಿಜ್ಜನ್ನು ಹೊಗಳಿದ್ದು.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಧರಣೇಂದ್ರಯ್ಯನವರು ಹೇಳಿದರು, "ನೋಡಿ ವನಮಾಲಮ್ನೋರೆ, ನೀವು ಸಾಲ ತೀರಿಸೋರು ಅಂತ ನಂಗೆ ಅನ್ಸುತ್ತೆ. ಅನ್ಸಿದ್ದನ್ನ ಬ್ಯಾಂಕಲ್ಲಿ ಬರೆಯೋಕಾಗಲ್ಲ. ಸಣ್ಣದೇ ಆಗ್ಲಿ, ಒಂದು ಸಾಮಾನು ತಗೊಳ್ಳಿ. ನಾಲ್ಕು ಜನ ಅದನ್ನ ಬೂದಿಯಾಗಿ ನೋಡ್ಲಿ. ಬಣ್ಣ ಏರೋದನ್ನ ಐದು ಜನ ನೋಡ್ಲಿ, ನೆಂಟರಲ್ಲದೋರು. ಮುಚ್ಚಿಟ್ಟು ತೀರಿಸಿದ ಸಾಲ ನಮಗೆ ಕಾಣ್ಸೋದಿಲ್ಲ."

ಮುಚ್ಚಿಡುವುದೇ ನನ್ನ ಕಸುಬು. ಮಳೆಗಾಲ ಹಿಡಿದಿತ್ತು. ಗವಸು ಹಾಕಲು ಬಾರದ ಸಾಮಾನು ಯಾವುದು ಎಂದು ಯೋಚಿಸಿ ಬಾರಿ ಸಾಹೇಬರ ಛತ್ರಿ ಅಂಗಡಿಗೆ ಹೋದೆ.

"ಕಪ್ಪು ಕೊಡ್ಲಾ ತಂಗೀ? ಎಲ್ಲಾರೂ ಅದೇ ಒಯ್ಯೋದು," ಎಂದರು ಸಾಹೇಬರು.

"ಬೇಡ ಸಾಬ್ರೇ, ಆ ಕನಕಾಂಬರದ್ದು ಕೊಡಿ."

"ಇದಾ? ಮೂರು ವರ್ಷದಿಂದ ಇಲ್ಲೇ ನೇತಾಡ್ತಿದೆ. ಇಷ್ಟು ಗಾಢ ಯಾರಿಗೆ ಬೇಕು ಅಂತ ನಾನೇ ಅಂದ್ಕೊಳ್ತಿದ್ದೆ."

"ಬಣ್ಣ ಏರಿದಾಗ ಜನಕ್ಕೆ ಕಾಣ್ಬೇಕು ಸಾಬ್ರೇ."

"ಹಂಗಾದ್ರೆ ಇದು ಪಕ್ಕದೂರಿಗೂ ಕಾಣ್ತದೆ," ಎಂದು ಕೋಲಿನಿಂದ ಛತ್ರಿ ಇಳಿಸಿಕೊಟ್ಟರು. ವಾರದ ಕಂತು ಗೊತ್ತು ಮಾಡಿಕೊಂಡು ಹೊಸ್ತಿಲು ದಾಟಿದೆ. ಕೈಯಲ್ಲಿದ್ದ ಕನಕಾಂಬರ, ಹೂವು ಬಾಡಿದಂತೆ ತುದಿಯಿಂದ ಹಿಡಿಯವರೆಗೆ ಬೂದಿಯಾಯಿತು.

ಆ ಛತ್ರಿ ಹಿಡಿದು ಬೀದಿಯಲ್ಲಿ ನಡೆಯುವುದನ್ನು ಕಲಿಯಲು ಕೆಲವು ದಿನ ಬೇಕಾದವು. ಮೊದಮೊದಲು ಮಳೆ ನಿಲ್ಲುವವರೆಗೆ ಮನೆಯಲ್ಲೇ ಕುಳಿತಿರುತ್ತಿದ್ದೆ. ಅದರಿಂದ ಉಪಯೋಗವಿಲ್ಲ ಎಂದು ತಿಳಿದ ಮೇಲೆ ಹೊರಟೆ. ಎದುರು ಮನೆಯ ಚೆನ್ನಾಜಮ್ಮ ಜಗುಲಿಯಲ್ಲಿ ಕುಳಿತು ಅಲಸಂದೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು.

"ಏನೇ ವನಮಾಲ, ಊರಿಗೆಲ್ಲ ಗವಸು ಹೊಲಿಯೋಳು ನೀನು. ನಿನ್ನ ತಲೆ ಮೇಲೇ ಬೂದಿ ಹೊತ್ಕಂಡು ಹೊಂಟ್ಯಲ್ಲ."

"ಹೂಂ ದೊಡ್ಡಮ್ಮ, ಮಳೆ ಅಲ್ವಾ."

"ದುಡ್ಡು ಕೊಟ್ಟು ತರಕ್ಕಾಗ್ದೆ ಹೋಯ್ತಾ ಒಂದು ಛತ್ರಿಯ?"

ಚೆನ್ನಾಜಮ್ಮನವರ ಫ್ರಿಜ್ಜು ನಾಲ್ಕು ವರ್ಷದಿಂದ ನಾನು ಹೊಲಿದ ಹೂಬಳ್ಳಿಯ ಗವಸಿನ ಒಳಗಿದೆ. ನಾನು ಸುಮ್ಮನೆ ನಕ್ಕು ಮುಂದೆ ಹೋದೆ.

ಕೊನೆಯ ಕಂತಿನ ವಾರ ಹೊಸ ಅರ್ಜಿ ಕೊಡಲು ಬ್ಯಾಂಕಿಗೆ ಹೋದೆ. ಜೋರು ಮಳೆ. ಬಾಗಿಲ ಬಳಿ ಒದ್ದೆ ಛತ್ರಿಗಳಿಗೆಂದು ಒಂದು ಬಕೆಟ್ಟು ಇಟ್ಟಿದ್ದರು. ಅದರಲ್ಲಿ ಆಗಲೇ ಕೆಲವು ಛತ್ರಿಗಳಿದ್ದವು, ಎಲ್ಲವೂ ಬೂದಿ. ಮಳೆಗಾಲದಲ್ಲಿ ನಮ್ಮೂರಿನ ಛತ್ರಿಗಳು ಹಾಗೆಯೇ. ನನ್ನದನ್ನೂ ಇಟ್ಟು ಒಳಗೆ ಹೋದೆ.

"ಯಾವ ಬಣ್ಣ ಏರಬೇಕು?" ಎಂದು ಕೇಳಿದರು ಧರಣೇಂದ್ರಯ್ಯ. ಅದು ಅರ್ಜಿಯಲ್ಲಿ ಬರೆಯಬೇಕಾದ ವಿಷಯ.

"ಕನಕಾಂಬರ, ಸಾರ್."

ಅವರು ತಲೆಯೆತ್ತಿದರು. "ಛತ್ರಿಗೆ?"

"ಹೌದು ಸಾರ್. ಶುಕ್ರವಾರ ಸಾಬ್ರು ಮಧ್ಯಾಹ್ನದ ನಮಾಜು ಮುಗಿಸಿ ಮನೆಗೇ ಬರ್ತಾರೆ. ಬೀದಿಯೋರನ್ನ ಕರೆದಿದೀನಿ."

"ಒಳ್ಳೇದು. ಐದು ಜನರ ರುಜು ತಗೊಂಡು ಸೋಮವಾರ ಬನ್ನಿ. ಅಲ್ಲಿಗೆ ಇದು ಮುಗೀತು ಅಂದ್ಕೊಳ್ಳಿ." ಅವರು ನಕ್ಕದ್ದನ್ನು ಆವತ್ತೇ ಮೊದಲು ನೋಡಿದೆ. ಹೊರಗೆ ಬಂದು ಬಕೆಟ್ಟಿನಿಂದ ಛತ್ರಿ ಎತ್ತಿಕೊಂಡು ಮನೆಗೆ ಬಂದೆ.

ಶುಕ್ರವಾರ ನಡುಮನೆ ತುಂಬಿತ್ತು. ಬಣ್ಣ ಏರಿದ ಮನೆಯವರು ಕಡಲೆಪುರಿ, ಬೆಲ್ಲ ಹಂಚುವುದು ವಾಡಿಕೆ. ದೊಡ್ಡ ಬೋಗುಣಿಯಲ್ಲಿ ಕಲಸಿಟ್ಟಿದ್ದೆ. ಛತ್ರಿಯನ್ನು ಬಿಚ್ಚಿ ತೊಲೆಯ ಕೊಂಡಿಗೆ ನೇತುಹಾಕಿದ್ದೆ. ಬಾರಿ ಸಾಹೇಬರು ಎಲ್ಲರ ಎದುರಿಗೆ ಕೊನೆಯ ಕಂತು ತೆಗೆದುಕೊಂಡು ಬಿಸ್ಮಿಲ್ಲಾ ಎಂದು ಜೇಬಿಗೆ ಹಾಕಿದರು. ಎಲ್ಲರೂ ಮೇಲೆ ನೋಡಿದೆವು.

ಛತ್ರಿ ಬೂದಿಯಾಗಿಯೇ ಇತ್ತು.

"ತಡೀರಿ, ಇನ್ನೂ ಒದ್ದೆ ಐತೆ," ಎಂದಳು ರಜಿಯಾ. ಯಾರೂ ನಗಲಿಲ್ಲ. ಸಾಹೇಬರು ಜೇಬಿನಿಂದ ದುಡ್ಡು ತೆಗೆದು ಮತ್ತೆ ನೋಡಿ ಮತ್ತೆ ಜೇಬಿಗೆ ಹಾಕಿದರು. ಛತ್ರಿ ಹಾಗೆಯೇ ತೂಗಾಡುತ್ತಿತ್ತು.

"ಯಾರ ಹತ್ರ ತಂದ್ಯೇ ಈ ದುಡ್ಡ?" ಎಂದು ಕೇಳಿದರು ಚೆನ್ನಾಜಮ್ಮ. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದರಿಂದ ನನಗೆ ಇನ್ನೂ ಕಷ್ಟವಾಯಿತು. ಒಂದು ಸಾಲವನ್ನು ಇನ್ನೊಂದು ಸಾಲದಿಂದ ತೀರಿಸಿದರೆ ಬಣ್ಣ ಏರುವುದಿಲ್ಲ, ಇದು ಊರಿಗೆಲ್ಲ ಗೊತ್ತಿರುವ ವಿಷಯ.

"ನನ್ನ ದುಡಿಮೇದೇ ದೊಡ್ಡಮ್ಮ."

"ಇರ್ಬೋದು ಬಿಡು," ಎಂದು ಅವರು ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕಡಲೆಪುರಿಯನ್ನು ಯಾರೂ ಮುಟ್ಟಲಿಲ್ಲ. ಸಾಹೇಬರು ಕೊನೆಗೆ ಹೊರಟರು. "ತಂಗೀ, ನನ್ನ ಬಾಬ್ತು ತೀರಿತು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಬಣ್ಣದ್ದು ನನ್ನ ಕೈಲಿಲ್ಲ."

ಎಲ್ಲ ಹೋದ ಮೇಲೆ ರಜಿಯಾ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಳು. ಅವಳ ಕೈಯನ್ನು ನೋಡುತ್ತಿದ್ದಾಗ ನೆನಪಾಯಿತು. ಆ ವಾರದ ಅವಳ ಕೂಲಿಯನ್ನು ನಾನು ಕೊಟ್ಟಿರಲಿಲ್ಲ. ಅವಳೇ, "ಇರ್ಲಿ ಅಕ್ಕಾ, ಮೊದ್ಲು ಛತ್ರಿದು ಮುಗಿಸು," ಎಂದಿದ್ದಳು. ಇನ್ನೊಬ್ಬರಿಗೆ ಕೊಡಬೇಕಾದದ್ದನ್ನು ಉಳಿಸಿಕೊಂಡು ಕಂತು ಕಟ್ಟಿದ್ದೆ. ಅದು ಸಾಲವಲ್ಲದೆ ಮತ್ತೇನು. ಹಬ್ಬಕ್ಕೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದನ್ನು ತೆಗೆದು ಅವಳ ಕೈಗೆ ಕೊಟ್ಟೆ.

"ಈಗ್ಯಾಕಕ್ಕಾ," ಎಂದಳು.

"ತಗೋ."

ಇಬ್ಬರೂ ಛತ್ರಿಯ ಕಡೆ ನೋಡಿದೆವು. ಬೂದಿ. ಅದಕ್ಕೂ ಬಣ್ಣ ಏರದಿದ್ದಾಗ ನನ್ನಲ್ಲಿ ಕಾರಣಗಳು ಮುಗಿದವು. ರಜಿಯಾ ಹೋದ ಮೇಲೆ ಛತ್ರಿಯನ್ನು ಮಡಿಸಿ ಅಟ್ಟಕ್ಕೆ ಎಸೆದೆ. ಹೆಡ್‌ಮೇಡಂಗೆ ಸೋಮವಾರ ಏನು ಹೇಳಬೇಕು ಎಂದು ಮಾತುಗಳನ್ನು ಜೋಡಿಸಿಕೊಳ್ಳುತ್ತ ಕುಳಿತೆ.

ಮಾರನೆಯ ಮಧ್ಯಾಹ್ನ ಸಣ್ಣ ಮಳೆ. ಬೀದಿಯ ತುದಿಯಲ್ಲಿ ಜನ ನಿಂತು ನಗುತ್ತಿರುವ ಸದ್ದು ಕೇಳಿ ಕಿಟಕಿಗೆ ಬಂದೆ. ಧರಣೇಂದ್ರಯ್ಯನವರು ಬಿಳಿ ಷರಟು, ಕಪ್ಪು ಪ್ಯಾಂಟು ಹಾಕಿಕೊಂಡು ಬೀದಿಯ ನಡುವೆ ನೇರ ನಡೆದು ಬರುತ್ತಿದ್ದರು. ಅವರ ತಲೆಯ ಮೇಲೆ ಕನಕಾಂಬರ ಬಣ್ಣದ ಛತ್ರಿ ಅರಳಿಕೊಂಡಿತ್ತು. ಚೆನ್ನಾಜಮ್ಮ ಜಗುಲಿಯಿಂದ ಇಳಿದು ಮಳೆಯಲ್ಲೇ ನಿಂತು ನೋಡುತ್ತಿದ್ದರು.

ನಮ್ಮ ಬಾಗಿಲಿಗೆ ಬಂದು ಛತ್ರಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ನಿಮ್ಮದು," ಎಂದರು. "ನನ್ನದು ನಿಮ್ಮಲ್ಲಿರಬೇಕು. ಬಕೆಟ್ಟಲ್ಲಿ ಅದಲುಬದಲಾಗಿದೆ."

ಬ್ಯಾಂಕಿನ ಸಾಲದ ಅಧಿಕಾರಿಯೂ ಛತ್ರಿಯನ್ನು ಸಾಲಕ್ಕೇ ತಂದಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಅಟ್ಟ ಹತ್ತಿ ಅವರದನ್ನು ತೆಗೆದು ಧೂಳು ಒರೆಸಿ ತಂದುಕೊಟ್ಟೆ. ಕುರ್ಚಿಯ ಮೇಲೆ ಕುಳಿತು, ಛತ್ರಿಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಅವರು ನಡೆದದ್ದನ್ನು ಹೇಳಿದರು.

"ನಿನ್ನೆ ಒಂದು ಮನೆ ನೋಡಕ್ಕೆ ಹೊರಟಿದ್ದೆ. ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ಛತ್ರಿ ಬಿಚ್ಚಿದೆ. ಹಿಂದೆ ಪಿಂಚಣಿಯೋರ ಸಾಲು ಬಾಗಿಲವರೆಗೂ ಇತ್ತು. ಬಿಚ್ತಿದ್ದ ಹಾಗೇ ತಲೆ ಮೇಲೆ ಬಣ್ಣ ಏರಿಬಿಡ್ತು. ಎಲ್ಲ ಚಪ್ಪಾಳೆ ತಟ್ಟಿದ್ರು. ನನ್ನದು ಕಪ್ಪು, ಇನ್ನೂ ಕಂತು ಬಾಕಿ ಇದೆ. ಕನಕಾಂಬರ ಅಂತ ಅರ್ಜೀಲಿ ಬರೆದದ್ದು ಇಡೀ ಊರಲ್ಲಿ ಒಬ್ಬರೇ. ಆ ಕ್ಷಣಕ್ಕೇ ಗೊತ್ತಾಯ್ತು ನಂಗೆ."

"ಹೇಳಿದ್ರಾ ಸಾರ್?"

ಅವರು ಛತ್ರಿಯ ಹಿಡಿಯನ್ನು ತಿರುಗಿಸಿದರು. "ಇಲ್ಲ. ಸಾಲ ಪರೀಕ್ಷೆ ಮಾಡೋನು ನಾನು. ಬೂದಿ ಛತ್ರಿ ಹಿಡ್ಕೊಂಡು ಜನರ ಮನೆಗೆ ಹೋಗ್ತಿದ್ದೆ, ಅದೇ ಮುಜುಗರ ಆಗಿತ್ತು. ಎಲ್ಲ ಕೈ ಕುಲುಕಿದ್ರು. ಕ್ಯಾಷಿಯರ್ರು ಕೈಯಿಂದ ದುಡ್ಡು ಹಾಕಿ ಕಡಲೆಪುರಿ ತರಿಸಿದ್ರು. ನಾನೂ ತಿಂದೆ. ರಾತ್ರಿ ಅದು ಜೀರ್ಣ ಆಗ್ಲಿಲ್ಲ ನೋಡಿ."

"ಆಮೇಲೆ?"

"ಬೆಳಿಗ್ಗೆ ಬ್ಯಾಂಕು ತೆಗೀತಿದ್ದ ಹಾಗೇ ಎಲ್ಲರ ಮುಂದೆ ಹೇಳಿದೆ. ಇದು ವನಮಾಲಮ್ನೋರ ಛತ್ರಿ, ನನ್ನದಿನ್ನೂ ಬೂದಿ ಅಂತ. ಮ್ಯಾನೇಜರ್ರೂ ನಕ್ಕುಬಿಟ್ರು. ನಗದೇ ಇದ್ದೋರು ಕ್ಯಾಷಿಯರ್ರು ಒಬ್ಬರೇ." ಚೀಲದಿಂದ ಒಂದು ಹಾಳೆ ತೆಗೆದರು. ಪಿಂಚಣಿಯ ಸಾಲಿನಲ್ಲಿ ನಿಂತಿದ್ದವರ ಮನೆಗಳಿಗೆ ಹೋಗಿ ರುಜು ಹಾಕಿಸಿಕೊಂಡು ಬಂದಿದ್ದರು. ಐದು ಬೇಕಾಗಿದ್ದ ಕಡೆ ಹಾಳೆ ತುಂಬಿತ್ತು. ಅದರಲ್ಲಿ ನನ್ನ ನೆಂಟರು ಒಬ್ಬರೂ ಇರಲಿಲ್ಲ.

ಸುಮ್ಮನೆ ಕೈಮುಗಿದು ಕಳಿಸಿಬಿಡಬಹುದಾಗಿತ್ತು. ಆದರೆ ಒಂದು ವಿಷಯ ಮನಸ್ಸಿನಲ್ಲಿ ಚುಚ್ಚುತ್ತಿತ್ತು. "ಸಾರ್, ಬಣ್ಣ ಏರಿದಾಗ ಹೊತ್ತೆಷ್ಟು?" ಎಂದು ಕೇಳಿದೆ.

"ನಾಲ್ಕು ಹೊಡೀತಾ ಇತ್ತು. ಯಾಕೆ?"

ಬಾರಿ ಸಾಹೇಬರು ಬಂದು ಹೋದದ್ದು ಮೂರು ಗಂಟೆಯ ಒಳಗೆ. ನಾಲ್ಕು ಹೊಡೆಯುವಾಗ ನಾನು ಡಬ್ಬಿಯ ಮುಂದೆ ಇದ್ದೆ. ಅಂದರೆ ನನ್ನ ಛತ್ರಿಯೇ ನಡುಮನೆಯಲ್ಲಿ ತೂಗಾಡಿದ್ದರೂ ಬೀದಿಯವರ ಎದುರಿಗೆ ಅದು ಬೂದಿಯಾಗಿಯೇ ಇರುತ್ತಿತ್ತು. ರಜಿಯಾಳ ಕೂಲಿಯ ಸಂಗತಿಯನ್ನು ಬಿಡದೆ ಹೇಳಿದೆ. ಹೇಳುತ್ತಿದ್ದಾಗ ಓವರ್‌ಲಾಕ್ ಮಷೀನು ಮತ್ತೆ ದೂರ ಹೋಗುತ್ತಿರುವಂತೆ ಕಂಡಿತು. "ಕೂಲಿ ನಿಲ್ಲಿಸಿ ಕಂತು ಕಟ್ಟಿದೋಳು ನಾನು ಸಾರ್. ಅದನ್ನೂ ಬರ್ಕೊಳ್ಳಿ."

ಮೇಜಿನ ಮೇಲೆ ನಿನ್ನೆಯ ಬೋಗುಣಿ ಹಾಗೆಯೇ ಇತ್ತು. ಧರಣೇಂದ್ರಯ್ಯನವರು ಒಂದು ಹಿಡಿ ಕಡಲೆಪುರಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಮೆತ್ತಗಾಗಿತ್ತು. ಆದರೂ ಅಗಿದು ನುಂಗಿದರು.

"ಕೂಲಿ ಕೊಟ್ಟಾದ್ಮೇಲೆ ಏರಿದೆ. ಏರಬೇಕಾದಾಗಲೇ ಏರಿದೆ," ಎಂದರು. "ಅರ್ಜೀಲಿ ಹೊತ್ತು ಬರೆಯೋಕೆ ಜಾಗ ಇದೆ. ನಾಲ್ಕು ಗಂಟೆ ಅಂತ ಬರೀತೀನಿ. ಕನಕಾಂಬರ ನಿಮಗೆ, ಬೂದಿ ನಂಗೆ." ಬೂದಿ ಛತ್ರಿಯನ್ನು ಬಿಚ್ಚಿಕೊಂಡು ಮಳೆಗೆ ಇಳಿದರು. ಚೆನ್ನಾಜಮ್ಮ ಆಚೆ ಜಗುಲಿಯಿಂದ, "ಸ್ವಾಮಿ, ಹೋಗೋವಾಗ ಡಲ್ಲಾಗಿ ಹೊಂಟ್ರಲ್ಲ," ಎಂದರು. ಅವರು ತಿರುಗಿ, "ಇದೇ ನನ್ನ ನಿಜವಾದ ಬಣ್ಣ ತಾಯಿ," ಎಂದು ಹೇಳಿ ಹೋದರು.

ಕಾರ್ಡು ಹದಿನೈದು ದಿನದಲ್ಲಿ ಬಂತು. ಮಷೀನು ಅದರ ಹಿಂದೆಯೇ ಬಂತು. ಕಂಪನಿಯ ಚಿತ್ರದಲ್ಲಿ ಅದು ತಿಳಿ ಹಸಿರು. ಲಾರಿ ನಮ್ಮೂರಿನ ಹೊಳೆಯ ಸೇತುವೆ ದಾಟಿದಾಗ ಬೂದಿಯಾಗಿರಬೇಕು, ಪೆಟ್ಟಿಗೆ ಬಿಚ್ಚಿದಾಗ ಹಾಗೇ ಇತ್ತು. ಚೆನ್ನಾಜಮ್ಮ ಒಳಗೆ ಬಂದು ಸುತ್ತ ಒಂದು ಸಲ ತಿರುಗಿ ನೋಡಿ, "ಒಂದು ಗವಸು ಹೊಲ್ಕಳೇ, ಬೀದಿಗೆ ಕಾಣ್ತದೆ," ಎಂದರು.

"ಕಾಣ್ಲಿ ಬಿಡಿ ದೊಡ್ಡಮ್ಮ. ಬೆಳಕು ಆ ಕಿಟಕೀಲೇ ಬರೋದು."

ಮಷೀನನ್ನು ಬೀದಿಯ ಕಡೆಯ ಕಿಟಕಿಯ ಬಳಿ ಹಾಕಿದೆವು. ಯೂನಿಫಾರ್ಮಿನ ನೀಲಿ ಬಟ್ಟೆ ರಾಶಿ ಬಿತ್ತು. ರಜಿಯಾ ಕತ್ತರಿಸಿಕೊಡುತ್ತಾಳೆ, ನಾನು ಅಂಚು ಓಡಿಸುತ್ತೇನೆ. ಕೆಲವು ದಿನದ ಮೇಲೆ ಮಳೆ ಬರುವಾಗ ಕಿಟಕಿಯ ಹೊರಗೆ ಒಂದು ಬೂದಿ ಛತ್ರಿ ನಿಂತಿತು.

"ಯಾವ ಬಣ್ಣ?" ಎಂದು ಮಷೀನಿನ ಕಡೆ ನೋಡಿ ಕೇಳಿದರು ಧರಣೇಂದ್ರಯ್ಯ.

"ತಿಳಿ ಹಸಿರು ಸಾರ್. ತುಂಬಾ ದಿನ ಇದೆ ಇನ್ನೂ. ಏರೋವಾಗ ಬರಬೇಕು ನೀವು."

"ಬರ್ತೀನಿ." ಅವರು ಹೊರಟವರು ಮತ್ತೆ ನಿಂತರು. "ನನ್ನದು ಬರೋ ಶುಕ್ರವಾರ. ಐದು ಜನ ಬೇಕು. ಮೂರು ಜನ ಒಪ್ಪಿದಾರೆ. ಕಪ್ಪು ಏರೋದನ್ನ ನೋಡಕ್ಕೆ ಯಾರು ಬರ್ತಾರೆ ಹೇಳಿ, ಬೂದಿಗೂ ಕಪ್ಪಿಗೂ ಮಳೇಲಿ ಏನು ವ್ಯತ್ಯಾಸ ಕಾಣುತ್ತೆ ಅಂತಾರೆ."

"ನಮಗೆ ಕಾಣುತ್ತೆ ಸಾರ್," ಎಂದೆ. "ನಾನು, ರಜಿಯಾ ಇಬ್ಬರೂ ಬರ್ತೀವಿ."

ಅವರು ಛತ್ರಿಯನ್ನು ಸ್ವಲ್ಪ ಮೇಲೆತ್ತಿ ತಲೆಯಾಡಿಸಿ ಹೋದರು. ಬೂದಿ ಮಷೀನಿನ ಪೆಡಲು ಒತ್ತಿದೆ. ನೀಲಿ ಅಂಚು ಮುಂದಕ್ಕೆ ಹರಿಯಿತು.